ಕುಷ್ಟಗಿಯಲ್ಲಿ ನೀಲವ್ವ ಹಾಡಲಿಲ್ಲ

ಮೂರು ವಾರದ ಹಿಂದೆ ಇದೇ ಜಾಗದಲ್ಲಿ ನಾನೊಂದು ಸುಳ್ಳು ಬರೆದೆ. ಛಲೋ ಬರೆದಿದ್ದೆ. ಓದಿದವರೆಲ್ಲ ಮೆಚ್ಚಿಕೊಂಡರು.

ಬರೆದದ್ದು ಇಷ್ಟು: “ಕುಷ್ಟಗಿಯ ಬೈಠಕ್ಕಿನ ಕೊನೆಗೆ, ದೀಪ ಹಚ್ಚುವ ಹೊತ್ತಿಗೆ, ಕೊಪ್ಪಳದ ನೀಲವ್ವನವರು ಪೂರಿಯಾ ಧನಾಶ್ರೀ ಹಾಡಿದರು. ಸಭೆ ಉಸಿರು ಬಿಗಿಹಿಡಿದು ಕೇಳಿತು.”

ನೀಲವ್ವ ಹಾಡಲಿಲ್ಲ. ಸಭೆ ಉಸಿರು ಬಿಗಿಹಿಡಿಯಲಿಲ್ಲ. ಚಹಾ ಕುಡಿಯಿತು.

ತಿದ್ದುಪಡಿ ಹಾಕಿರಿ ಎಂದು ಎಡಿಟರಿಗೆ ಕಾರ್ಡು ಬರೆದೆ. “ಯುದ್ಧಕಾಲ, ಕಾಗದ ಸಿಗುತ್ತಿಲ್ಲ. ಕೊನೆಯ ಪುಟದಲ್ಲಿ ಎರಡು ಸಾಲು ಕೊಡುತ್ತೇನೆ” ಎಂದು ಉತ್ತರ ಬಂತು. ಸುಳ್ಳಿಗೆ ಎರಡು ಸಾಲು ಸಾಕು (ಮೇಲೆ ನೋಡಿರಿ, ಅದು ಎರಡೇ ಸಾಲು). ಖರೆ ಹೇಳಲು ಎರಡು ಸಾಲು ಸಾಲುವುದಿಲ್ಲ. ಅದಕ್ಕೇ ಈ ವಾರ ಪೂರ್ತಿ ಕಾಲಮ್ಮನ್ನೇ ತಿದ್ದುಪಡಿಗೆ ಹಚ್ಚಿದ್ದೇನೆ. ಎಡಿಟರು ಕತ್ತರಿಸಬಾರದಾಗಿ ವಿನಂತಿ.

ಹಳೆಯ ಓದುಗರಿಗೆ ನನ್ನ ಉದ್ಯೋಗ ಗೊತ್ತಿದೆ. ಹಗಲು ಕೊಪ್ಪಳದ ಸರಕಾರಿ ಶಾಲೆಯಲ್ಲಿ ಕನ್ನಡದ ಹುಡುಗರಿಗೆ ಸರಕಾರದ ಭಾಷೆಯಾದ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತೇನೆ. ಸಂಜೆ ರುದ್ರಪ್ಪ ಗವಾಯಿಗಳ ಸಂಗೀತ ಶಾಲೆಯಲ್ಲಿ ಪೇಟಿ ಬಾರಿಸುತ್ತೇನೆ. (ಪೇಟಿ ಅಂದರೆ ಹಾರ್ಮೋನಿಯಂ. ಮೈಸೂರು ಕಡೆಯ ಓದುಗರೊಬ್ಬರು ಹೋದ ಸಲ ಪೇಟಿ ಅಂದರೆ ಬಜಾರವೇ ಎಂದು ಕೇಳಿದ್ದರು.) ಗಂಗಾವತಿಯಲ್ಲಿ ಇನ್ನೊಂದು ಸಂಗೀತ ಶಾಲೆ ಇದೆ. ಅದನ್ನು ನಡೆಸುವವರು ಖಾದರಸಾಬ ಉಸ್ತಾದರು. ರುದ್ರಪ್ಪನವರೂ ಖಾದರಸಾಬರೂ ಒಬ್ಬರ ಹಾಡು ಇನ್ನೊಬ್ಬರು ಒಮ್ಮೆಯೂ ಕೇಳಿದವರಲ್ಲ. ಆದರೆ ಒಬ್ಬರ ತಪ್ಪುಗಳು ಇನ್ನೊಬ್ಬರಿಗೆ ಪೂರಾ ಗೊತ್ತಿದ್ದವು.

ಈ ಇಬ್ಬರನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸಬೇಕು ಎಂದು ಹೊರಟವರು ಕುಷ್ಟಗಿಯ ಒಬ್ಬ ಸಾವಕಾರರು. ಹತ್ತಿಯ ಅರಳಿ ವ್ಯಾಪಾರ, ದೊಡ್ಡ ಪಡಸಾಲೆ, ಮನಸ್ಸೂ ದೊಡ್ಡದು. “ಎರಡೂ ಸಾಲಿ ಕೂಡಿ ಒಂದು ಹಾಡಿನ ಬೈಠಕ್ ಆಗ್ಲಿ. ನನ್ನ ಪಡಸಾಲ್ಯಾಗ. ನಾಕು ಮಂದಿ ತಿಳಿದವರು ಬರ್ತಾರ” ಅಂದರು. ಕುಷ್ಟಗಿ ಕೊಪ್ಪಳವೂ ಅಲ್ಲ, ಗಂಗಾವತಿಯೂ ಅಲ್ಲ. ಯಾರಿಗೂ ಸೋಲಿಲ್ಲ. ಇಬ್ಬರೂ ಒಪ್ಪಿದರು.

ಒಪ್ಪಿದ ಮೇಲೆ ತಕರಾರು ಶುರುವಾಯಿತು. ಯಾರು ಮೊದಲು, ಯಾರು ಕೊನೆಗೆ?

ಹಾಡುವವರ ಲೋಕದಲ್ಲಿ ಕೊನೆಗೆ ಹಾಡುವವನೇ ದೊಡ್ಡವ. ನಮ್ಮ ಗವಾಯಿಗಳು ಅಂದರು: “ಖಾದರಸಾಬರು ವಯಸ್ಸಿನಾಗ ಸಣ್ಣವರು. ಮೊದಲು ಅವರು ಹಾಡ್ಲಿ.” ಉಸ್ತಾದರಿಂದ ಉತ್ತರ ಬಂತು: “ಗವಾಯಿ ಸಾಹೇಬರು ದೂರದಿಂದ ಬರ್ತಾರ, ದಣಿದಿರ್ತಾರ. ಮೊದಲು ಹಾಡಿ ಆರಾಮ ಕೂಡ್ಲಿ.” (ಕುಷ್ಟಗಿಗೆ ಕೊಪ್ಪಳವೂ ಗಂಗಾವತಿಯೂ ಹೆಚ್ಚೂ ಕಡಿಮೆ ಅಷ್ಟೇ ದೂರ.) ಒಂದು ತಿಂಗಳು ಹೀಗೆ ಕಾರ್ಡುಗಳು ಓಡಾಡಿದವು. ಎಷ್ಟು ಮರ್ಯಾದೆ, ಎಷ್ಟು ವಿನಯ! ಅಷ್ಟು ವಿನಯದ ಜಗಳವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇತ್ತ ತಹಶೀಲಿಗೆ ಅರ್ಜಿ ಹೋಗಬೇಕಿತ್ತು. ನಾಕು ಮಂದಿ ಕೂಡಬೇಕಾದರೆ ನಮ್ಮ ಸೀಮೆಯಲ್ಲಿ ಸರಕಾರದ ಇಜಾಜತು, ಅಂದರೆ ಪರವಾನಗಿ, ಬೇಕಲ್ಲ? ಏನು ಹಾಡುತ್ತೀರಿ, ಯಾರು ಹಾಡುತ್ತೀರಿ, ಯಾವ ನಂಬರಿಗೆ ಯಾರು, ಎಲ್ಲಾ ಬರೆದು ಕೊಡಬೇಕು. ಉರ್ದುವಿನಲ್ಲಿ. ಅಂದರೆ ನಾನು ಬರೆಯಬೇಕು. ಲೇಖನಿ ಹಿಡಿದು ಕೂತಾಗ ನನಗೊಂದು ಯುಕ್ತಿ ಹೊಳೆಯಿತು. ಇಬ್ಬರಲ್ಲಿ ಯಾರೂ ಕೊನೆಗೆ ಹಾಡದಿದ್ದರೆ? ಇಬ್ಬರಾದ ಮೇಲೆ ಒಬ್ಬ ಶಿಷ್ಯೆ ಹಾಡಿದರೆ? ಶಿಷ್ಯೆ ಕೊನೆಗೆ ಹಾಡಿದರೆ ಯಾರ ದೊಡ್ಡಸ್ತಿಕೆಗೂ ಪೆಟ್ಟಿಲ್ಲ.

ಹೀಗೆ ಮೂರನೇ ನಂಬರಿಗೆ ನೀಲವ್ವನ ಹೆಸರು ಬಂತು.

ನೀಲವ್ವ ಹನುಮಸಾಗರದಾಕೆ. ಕೊಪ್ಪಳಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಇಲ್ಲೇ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಯಲ್ಲಿದ್ದು ಹೆಣ್ಣುಮಕ್ಕಳ ಕುಬಸ ಹೊಲಿಯುತ್ತಾಳೆ. ಹನ್ನೊಂದು ವರ್ಷದಿಂದ ಗವಾಯಿಗಳ ಶಾಲೆಗೆ ಬರುತ್ತಾಳೆ. ಗವಾಯಿಗಳು ಎಲ್ಲಿ ಹಾಡಿದರೂ ಹಿಂದೆ ಕೂತು ತಂಬೂರಿ ಮೀಟುವವಳು ಆಕೆಯೇ. ಶಾಲೆಯ ನಾಕು ಗೋಡೆಯ ಹೊರಗೆ ಒಮ್ಮೆಯೂ ಬಾಯಿ ತೆರೆದು ಹಾಡಿದವಳಲ್ಲ.

ಒಳಗೆ ಹಾಡಿದ್ದನ್ನು ನಾನು ದಿನಾ ಕೇಳಿದ್ದೇನೆ. ಸಂಜೆ ಎಲ್ಲರೂ ಹೋದ ಮೇಲೆ ಪೂರಿಯಾ ಧನಾಶ್ರೀ ಹಾಡುತ್ತಾಳೆ. ಮೂರು ವರ್ಷದಿಂದ ಅದೊಂದೇ ರಾಗ. ಆಕೆ ಆ ರಾಗದ ರಿಷಭ ಹಚ್ಚಿದಾಗ ನನಗೆ ಪೇಟಿ ಮುಚ್ಚಿಟ್ಟು ಸುಮ್ಮನೆ ಕೂಡಬೇಕು ಅನಿಸುತ್ತದೆ. ನನ್ನ ಪೇಟಿಯಲ್ಲಿ ಆ ಸ್ವರ ಇಲ್ಲ. ಯಾವ ಪೇಟಿಯಲ್ಲೂ ಇಲ್ಲ ಅಂತ ಕಾಣುತ್ತದೆ.

ಆದರೆ ಮನೆತನದ ಹೆಣ್ಣುಮಗಳು ಗಂಡಸರ ಮುಂದೆ ಕೂತು ಹಾಡುವುದು! ಮಂದಿ ಏನಂತಾರೆ ಎಂದು ನಿಮಗೆ ನಾನು ಬಿಡಿಸಿ ಹೇಳಬೇಕೇ? ಆಕೆಯ ಅಣ್ಣ ಶರಣಪ್ಪನವರು ಹನುಮಸಾಗರದಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾರೆ. ಅವರು ಹೂಂ ಅನ್ನದೆ ಏನೂ ನಡೆಯುವ ಹಾಗಿರಲಿಲ್ಲ. ನಾನೇ ಹೋದೆ.

“ಯಾರ್ಯಾರು ಬರ್ತಾರ್ರೀ?” ಅಂದರು.

“ನಲವತ್ತು ಮಂದಿ. ಎಲ್ಲಾರೂ ತಿಳಿದವರು.”

“ನಲವತ್ತು ಮಂದಿ ತಿಳಿದವರು? ಕುಷ್ಟಗ್ಯಾಗ?”

ಶರಣಪ್ಪನವರು ಎದ್ದರು. ಒಳಗೆ ಹೋಗಿ ನೀರು ಕುಡಿದು ಬಂದರು. ಆಮೇಲೆ ಹೇಳಿದರು: “ಒಂದು ಸಲ. ಒಂದಽ ಸಲ ಹಾಡ್ಲಿ. ಆಮ್ಯಾಲ ನೀವೂ ಕೇಳಬ್ಯಾಡ್ರಿ, ಅಕಿನೂ ಕೇಳಬಾರ್ದು.”

“ನೀವೂ ಬರ್ರಿ ಮತ್ತ.”

“ಇಲ್ರೀ ಮಾಸ್ತರ. ನನ್ನ ತಂಗೀನ್ನ ನಾಕು ಮಂದಿ ನೋಡೂದನ್ನ ನಾ ಕುಂತು ನೋಡ್ಲಾರೆ.”

ಕೊಪ್ಪಳಕ್ಕೆ ಬಂದು ನೀಲವ್ವನಿಗೆ ಹೇಳಿದೆ. ಒಂದೇ ಸಲ ಅಂದಾರ ನೋಡವಾ ಎಂದು ಹಿಂಜರಿದು ಹೇಳಿದೆ. ಆಕೆ ಹೊಲಿಯುತ್ತಿದ್ದ ಕುಬಸ ಕೆಳಗಿಟ್ಟು ನಕ್ಕಳು. “ಒಂದು ಸಲ ಅಂದ್ರ ಕಡಿಮಿ ಆತೇನ್ರೀ? ನನಗ ಒಂದು ಸಲ ಭಾಳ ಆತು” ಅಂದಳು. ಆ ವಾರ ತನಗೇ ಒಂದು ಹೊಸ ಕುಬಸ ಹೊಲಿದುಕೊಂಡಳು. ಹನ್ನೊಂದು ವರ್ಷದಲ್ಲಿ ಆಕೆ ತನಗಾಗಿ ಹೊಲಿದುಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅರ್ಜಿ ಹೋಯಿತು. ಒಂದನೇ ನಂಬರು ಖಾದರಸಾಬರು, ಎರಡು ರುದ್ರಪ್ಪನವರು, ಮೂರು ನೀಲವ್ವ. ಗವಾಯಿಗಳು ತಾವು ಉಸ್ತಾದರ ನಂತರ ಎಂದು ಖುಷಿಪಟ್ಟರು. ಉಸ್ತಾದರು ಗವಾಯಿಗಳು ಕೊನೆಯವರಲ್ಲ ಎಂದು ಖುಷಿಪಟ್ಟರು. ಇಜಾಜತು ಮೊಹರಿನ ಸಮೇತ ಬಂತು. ಸರಕಾರಕ್ಕೂ ನೀಲವ್ವ ಹಾಡುವುದರಲ್ಲಿ ಅಡ್ಡಿ ಕಾಣಲಿಲ್ಲ.

ಶುಕ್ರವಾರ ನಮ್ಮ ಸರಕಾರಿ ಶಾಲೆಗೆ ಸೂಟಿ, ಅಂದರೆ ರಜೆ. ಬೈಠಕ್ ಅವತ್ತೇ ಇಟ್ಟಿದ್ದರು. ಇಲ್ಲೇ ನನ್ನ ತೊಂದರೆ. ಈ ಪತ್ರಿಕೆ ಅಚ್ಚಾಗುವುದು ಹುಬ್ಬಳ್ಳಿಯಲ್ಲಿ. ಶುಕ್ರವಾರ ಮುಂಜಾನೆಯ ಟಪಾಲು ತಪ್ಪಿತೆಂದರೆ ಆ ವಾರ ನನ್ನ ಕಾಲಂ ಇಲ್ಲ. ಹೀಗಾಗಿ ಗುರುವಾರವೇ ಬೈಠಕ್ಕನ್ನು ಬರೆದು ಮುಗಿಸಿದೆ. (ಹೋದ ವರ್ಷ ನವಲಿಯ ಕುಸ್ತಿಯ ವರದಿ ನೆನಪಿದೆಯೇ? ಅದೂ ಹಾಗೇ ಬರೆದದ್ದು. ಗೆದ್ದವನು ಮಾತ್ರ ಬೇರೆಯವನು.) ನೀಲವ್ವನ ಪೂರಿಯಾ ಧನಾಶ್ರೀಯನ್ನು ದಿನಾ ಕೇಳಿದವನಿಗೆ ಒಂದು ದಿನ ಮುಂಚೆ ಬರೆಯುವುದು ಎಷ್ಟರ ಮಾತು? ಶುಕ್ರವಾರ ಬೆಳಿಗ್ಗೆ ಲಕೋಟೆಯನ್ನು ಟಪಾಲಿಗೆ ಹಾಕಿ ಮೋಟಾರು ಹತ್ತಿದೆ.

ಪೆಟ್ರೋಲು ಇಲ್ಲದ ಕಾಲ. ನಮ್ಮ ಮೋಟಾರು ಇದ್ದಲಿಯ ಮೇಲೆ ನಡೆಯುತ್ತದೆ. ಏರು ಬಂದಾಗ ಮಂದಿಯ ಮೇಲೆ ನಡೆಯುತ್ತದೆ. ಎಲ್ಲರೂ ಇಳಿದು ನೂಕಿದೆವು. ಗವಾಯಿಗಳು ಕಲಾವಿದರಾದ್ದರಿಂದ ಇಳಿಯಲಿಲ್ಲ. ನೀಲವ್ವ ತಂಬೂರಿಯನ್ನು ಎದೆಗೊತ್ತಿಕೊಂಡು ರಸ್ತೆಯ ಬದಿಯಲ್ಲಿ ನಡೆದು ಬಂದಳು. ತುಟಿಗಳು ಅಲುಗುತ್ತಿದ್ದವು.

ಕುಷ್ಟಗಿಯಲ್ಲಿ ಖಾದರಸಾಬರು ನಮಗಿಂತ ಮೊದಲೇ ಬಂದಿದ್ದರು. ತಮ್ಮ ಶಾಲೆಯ ಎರಡು ತಂಬೂರಿ ತಂದಿದ್ದರು. ನಮ್ಮ ತಂಬೂರಿ ಗವಾಯಿಗಳ ಗಂಡು ಶ್ರುತಿಗೆ ಕೂಡಿಸಿದ್ದು, ನೀಲವ್ವನ ಶ್ರುತಿ ಅದಕ್ಕಿಂತ ಬಹಳ ಮೇಲೆ. ಉಸ್ತಾದರು ಆಕೆಯನ್ನು ಕರೆದು ಸಾ ಹಚ್ಚಲು ಹೇಳಿ, ತಮ್ಮ ಒಂದು ತಂಬೂರಿಯನ್ನು ಅರ್ಧ ತಾಸು ಕೂತು ತಾವೇ ಕೂಡಿಸಿದರು. ಮೇಲೆ ಹಸಿರು ಬಟ್ಟೆ ಹೊದಿಸಿ ಗೋಡೆಗೆ ಆನಿಸಿದರು.

“ಬೇಟಿ, ಇದಕ್ಕ ಯಾರೂ ಕೈ ಹಚ್ಚಬಾರ್ದು ನೋಡು. ಇದು ನಿನ್ನ ಪಾಳಿಗೆ.”

ಮೂರು ಗಂಟೆಗೆ ಉಸ್ತಾದರು ಭೀಮಪಲಾಸಿ ಎತ್ತಿಕೊಂಡರು. ನಮ್ಮ ಗವಾಯಿಗಳು ಎದುರಿಗೇ ಕೂತು, ಎಲ್ಲಿ ತಪ್ಪುತ್ತಾರೆ ಎಂದು ಕಾದರು. ಒಂದು ತಾಸು ಕಾದರು. ಉಸ್ತಾದರು ತಪ್ಪಲಿಲ್ಲ. ಪಾಪ, ಗವಾಯಿಗಳು ಬಹಳ ಸಂಕಟಪಟ್ಟರು.

ಆಮೇಲೆ ಗವಾಯಿಗಳು ಮುಲ್ತಾನಿ ಹಾಡಿದರು. ಪೇಟಿಗೆ ನಾನು, ಹಿಂದೆ ತಂಬೂರಿಗೆ ನೀಲವ್ವ, ತಬಲಾ ಗಂಗಾವತಿಯವರದು. ಇಪ್ಪತ್ತು ವರ್ಷ ಅವರ ಜೊತೆ ಬಾರಿಸಿದ್ದೇನೆ, ಅವರು ಅಷ್ಟು ಛಲೋ ಹಾಡಿದ್ದನ್ನು ಕೇಳಿರಲಿಲ್ಲ. ಎದುರಿಗೆ ಖಾದರಸಾಬರು ಕೂತಿದ್ದರಲ್ಲ? ಅದಕ್ಕೇ. ಎರಡು ಶಾಲೆಗಳನ್ನು ಕೂಡಿಸಿದ್ದರಿಂದ ಲಾಭ ಏನು ಎಂದು ಯಾರಾದರೂ ಕೇಳಿದರೆ ನಾನು ಆ ಮುಲ್ತಾನಿಯನ್ನು ತೋರಿಸುತ್ತೇನೆ.

ಮುಲ್ತಾನಿ ಮುಗಿಯಿತು. ಹೊತ್ತು ಇಳಿದಿತ್ತು. ಒಳಗಿನಿಂದ ಕಂದೀಲು ತಂದಿಟ್ಟರು. ಪೂರಿಯಾ ಧನಾಶ್ರೀಗೆ ಹೇಳಿ ಮಾಡಿಸಿದ ಹೊತ್ತು. ನೀಲವ್ವ ಗವಾಯಿಗಳ ತಂಬೂರಿಯನ್ನು ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು, ಗೋಡೆಯ ಕಡೆ ನೋಡಿದಳು.

ಅಷ್ಟರಲ್ಲಿ ನಮ್ಮ ಸಾವಕಾರರಿಗೆ ಎಚ್ಚರವಾಯಿತು. “ವಾಹ್! ಗವಾಯಿಗಳ, ಇನ್ನೊಂದು ಸಣ್ಣದು ಆಗ್ಲಿ!”

ಗವಾಯಿಗಳು ಗಂಟಲು ಸರಿಪಡಿಸಿಕೊಂಡರು. ಕಣ್ಣು ಮುಚ್ಚಿದರು. ಭೈರವಿ ಎತ್ತಿಕೊಂಡರು.

ಸಂಗೀತದ ರೂಢಿ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಭೈರವಿ ಬೈಠಕ್ಕಿನ ಕೊನೆಯ ರಾಗ. ಭೈರವಿ ಆಯಿತೆಂದರೆ ಬೈಠಕ್ ಆಯಿತು. ಆಮೇಲೆ ಎಂಥಾ ದೊಡ್ಡ ಗವಾಯಿಯೂ ಬಾಯಿ ತೆರೆಯುವುದಿಲ್ಲ. ಇದನ್ನು ಯಾರು ಮಾಡಿದರೋ, ಎಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ. ಮೀರಿದವರನ್ನು ಮಾತ್ರ ನಾನು ನೋಡಿಲ್ಲ.

ನಾನೇನು ಮಾಡಿದೆ? ಬಾರಿಸಿದೆ. ಮೊದಲ ಸ್ವರಕ್ಕೇ ನನಗೆ ತಿಳಿದಿತ್ತು. ಪೇಟಿಯಿಂದ ಕೈ ತೆಗೆಯಬಹುದಿತ್ತು. “ಗುರುಗಳ, ನೀಲವ್ವ ಅದಾಳ್ರೀ” ಅನ್ನಬಹುದಿತ್ತು. ಮೂರೇ ಶಬ್ದ. ಅನ್ನಲಿಲ್ಲ. ಎರಡು ನಿಮಿಷ ಒಳಗೊಳಗೇ ಒದ್ದಾಡಿದೆ, ಆಮೇಲೆ ಅದೂ ಇಲ್ಲ. ಖರೆ ಹೇಳುತ್ತೇನೆ, ಭೈರವಿ ಎಷ್ಟು ಛಲೋ ಬಂತೆಂದರೆ ನಾನೂ ಕಣ್ಣು ಮುಚ್ಚಿಕೊಂಡು ಬಾರಿಸಿದೆ.

ಒಮ್ಮೆ ಕಣ್ಣು ತೆರೆದು ಹಿಂದೆ ನೋಡಿದೆ. ನೀಲವ್ವ ಕೆಳಗಿಟ್ಟ ತಂಬೂರಿಯನ್ನು ಮತ್ತೆ ಎತ್ತಿಕೊಂಡಿದ್ದಳು. ಗುರುಗಳು ಹಾಡುತ್ತಿದ್ದಾರೆ, ತಂಬೂರಿ ಬೇಡವೇ? ಒಂದು ಮೀಟು ತಪ್ಪಿಸದೆ, ತನ್ನ ಪಾಳಿಯನ್ನು ಮುಗಿಸುವ ಆ ರಾಗಕ್ಕೆ ತಾನೇ ಶ್ರುತಿ ಕೊಡುತ್ತ ಕೂತಿದ್ದಳು.

ಚಪ್ಪಾಳೆ ಆಯಿತು. ಚಹಾ ಬಂತು. ಖಾದರಸಾಬರು ಮೆಲ್ಲಗೆ ಕೇಳಿದರು: “ಗವಾಯಿ ಸಾಹೇಬ, ಹುಡುಗೀದು ಪಾಳಿ ಇತ್ತಲ್ರೀ?”

ಗವಾಯಿಗಳು ಗಾಬರಿಯಾದರು. “ಅಯ್ಯ ಶಿವನ! ಖರೇನಽ ಮರತೆ ನೋಡ್ರಿ.” ಒಂದು ಗುಟುಕು ಚಹಾ ಕುಡಿದರು. “ಆದ್ರ ಭೈರವಿ ಆಗಿಬಿಟ್ತಲ್ರೀ.”

ಉಸ್ತಾದರು ಹಸಿರು ಬಟ್ಟೆಯ ಕಡೆ ನೋಡಿದರು. ಗಡ್ಡ ನೀವಿಕೊಂಡರು. “ಅದೂ ಖರೆ. ಭೈರವಿ ಆದ ಮ್ಯಾಲ ಹೆಂಗ ಹಾಡ್ತಾಳ?”

ಕೊಪ್ಪಳದ ಶಾಲೆ ಮತ್ತು ಗಂಗಾವತಿಯ ಶಾಲೆ ಒಮ್ಮತಕ್ಕೆ ಬಂದ ಮೊದಲನೆಯ ವಿಷಯ ಇದು. ಇಬ್ಬರೂ ಒಂದೇ ಡಬ್ಬಿಯ ಎಲೆ ಅಡಿಕೆ ಹಾಕಿಕೊಂಡರು. “ಮುಂದಿನ ಸಲ ಹಾಡ್ಲಿ ಬಿಡ್ರಿ” ಅಂದರು ಒಬ್ಬರು. “ಹೌದ್ ಹೌದು, ಮುಂದಿನ ಸಲ” ಅಂದರು ಇನ್ನೊಬ್ಬರು.

ಮುಂದಿನ ಸಲ! ಆಕೆಗಿದ್ದದ್ದು ಒಂದೇ ಸಲ ಎಂದು ಆ ಪಡಸಾಲೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಾಕೆ ಹಸಿರು ಬಟ್ಟೆ ಸರಿಸಿ, ತಾನು ಒಮ್ಮೆಯೂ ಮೀಟದ ತಂತಿಗಳನ್ನು ಸಡಿಲಿಸುತ್ತಿದ್ದಳು. ಇನ್ನೊಬ್ಬ ಚಹಾ ಕುಡಿಯುತ್ತಿದ್ದ.

ಗವಾಯಿಗಳು ಬೇಕೆಂದೇ ಮಾಡಿದರೇ? ಆಮೇಲೆ ಕೇಳಿದೆ. “ಮೂವತ್ತು ವರ್ಷ ಕೊನೀಗೆ ಹಾಡಿದ ಗಂಟಲೋ ಅದು. ನಾ ಹಾಡ್ಲಿಲ್ಲ, ಅದಽ ಬಂತು” ಅಂದರು. ಅರ್ಧ ನಂಬಿದ್ದೇನೆ. ಇನ್ನರ್ಧವನ್ನು ಅವರೂ ನಂಬಿದ ಹಾಗೆ ಕಾಣಲಿಲ್ಲ.

ತಿರುಗಿ ಬರುವಾಗ ನೀಲವ್ವ ಅಳಲಿಲ್ಲ. ಒಂದೇ ಮಾತು ಕೇಳಿದಳು: “ಮಾಸ್ತರ, ನಾ ಹಾಡಿಲ್ಲ ಅಂದ ಮ್ಯಾಲ ಅಣ್ಣ ಕೊಟ್ಟ ಆ ಒಂದು ಸಲ ಹಂಗಽ ಉಳೀತಲ್ರೀ?”

“ಉಳೀದ ಏನವಾ, ಉಳಿದಽ ಉಳೀತದ” ಅಂದೆ. ಮುಂಜಾನೆ ಟಪಾಲಿಗೆ ಹಾಕಿದ ಲಕೋಟೆ ನನಗೆ ನೆನಪೇ ಇರಲಿಲ್ಲ. ನೆನಪಾದದ್ದು ಪತ್ರಿಕೆ ಮನೆಗೆ ಬಂದ ದಿನ.

ಬಂದ ದಿನದಿಂದ ಹೊಗಳಿಕೆ ಶುರು. ಸಾವಕಾರರು ಕಾರ್ಡು ಬರೆದರು: “ನೀಲವ್ವ ತಾಯಿಯವರ ಗಾಯನ ಇನ್ನೂ ಕಿವಿಯಲ್ಲಿದೆ.” ಪಡಸಾಲೆಯಲ್ಲಿ ಕೂತಿದ್ದವರು ಬಜಾರಿನಲ್ಲಿ ಸಿಕ್ಕು, ಏನು ಹಾಡು, ಏನು ಹಾಡು ಅಂದರು. ಒಬ್ಬರಂತೂ ತಾನು ಎರಡನೇ ಸಾಲಿನಲ್ಲಿದ್ದೆ, ಕಣ್ಣೀರು ಬಂತು ಅಂದರು. ಕಡೆಗೆ ಗವಾಯಿಗಳೂ ಪತ್ರಿಕೆ ಮಡಚಿ ಹೇಳಿದರು: “ಛಲೋ ಬರದೀಯಪಾ. ಹುಡುಗಿ ಅಷ್ಟು ಛಲೋ ಹಾಡಿದ್ದು ನನಗ ಅಷ್ಟಾಗಿ ನೆನಪಿರಲಿಲ್ಲ.”

ನಾನು ಅವರ ಮುಖ ನೋಡಿದೆ. ಚೇಷ್ಟೆ ಮಾಡುತ್ತಿರಲಿಲ್ಲ.

ಹೋದ ವಾರ ಶರಣಪ್ಪನವರು ಕೊಪ್ಪಳಕ್ಕೆ ಬಂದರು. ತಂಗಿಗೆ ಒಂದು ಇಳಕಲ್ ಸೀರೆ ತಂದಿದ್ದರು. ರುಮಾಲಿನ ಮಡಿಕೆಯಲ್ಲಿ ನಮ್ಮ ಪತ್ರಿಕೆ ಇತ್ತು. ಅಲ್ಲಿ ನಡೆದ ಮಾತನ್ನು ನೀಲವ್ವ ನನಗೆ ಹೇಳಿದ ಹಾಗೇ ಬರೆಯುತ್ತೇನೆ.

“ಛಲೋ ಹಾಡಿದಿ ಅಂತವಾ. ಸಾಲಿ ಮಾಸ್ತರ ಕಡಿಂದ ಎರಡು ಸಲ ಓದಿಸಿ ಕೇಳಿದೆ. ಕಣ್ಣಾಗ ನೀರು ಬಂದ್ವು. ಒಂದು ಸಲ ಅಂದಿದ್ದೆ, ಆತು. ಇನ್ನ ಸಾಕು.”

“ಅಣ್ಣಾ, ನಾ ಹಾಡಿಲ್ಲ.”

“ಪೇಪರಿನ್ಯಾಗ ಬಂದೈತಲ್ಲ?”

“ಸುಳ್ಳು ಬರದಾರ.”

“ಹುಚ್ಚಿ, ಅಚ್ಚ ಹಾಕಿ ಸುಳ್ಳು ಬರೀತಾರೇನು? ಬರೂ ಮುಂದ ಕುಷ್ಟಗ್ಯಾಗ ಸಾವಕಾರ್ರನ್ನೂ ಕೇಳಿದೆ. ಹಾಡಿದ್ಲು ಅಂದ್ರು. ಮತ್ತ ನಾಕು ಮಂದೀನ್ನ ಕೇಳಿದೆ. ಹಾಡಿದ್ಲು ಅಂದ್ರು.”

ತಂಗಿಯ ಮಾತಿಗಿಂತ ನನ್ನ ಎರಡು ಸಾಲು ಗಟ್ಟಿ. ಶರಣಪ್ಪನವರದು ತಪ್ಪಲ್ಲ, ನಂಬುವ ಮನುಷ್ಯ. ಖುಷಿಯಿಂದ ಸೀರೆ ಕೊಟ್ಟು, ಖುಷಿಯಿಂದ ತಂಗಿಯ ಹಾಡು ಮುಗಿಸಿ ಹೋದರು.

ನೀಲವ್ವ ನಮ್ಮ ಮನೆಗೆ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಪತ್ರಿಕೆಯನ್ನು ನನ್ನ ಮುಂದೆ ಇಟ್ಟು, ಆ ಎರಡು ಸಾಲಿನ ಮೇಲೆ ಬೆರಳಿಟ್ಟಳು. “ಇದನ್ನ ಅಳಸ್ರಿ.”

ನಾನು ಜಾಣತನ ಮಾಡಿದೆ. “ಹೊಗಳಿ ಬರದೀನಲ್ಲ ನೀಲವ್ವ? ಇಡೀ ಸೀಮಿಗೆ ನಿನ್ನ ಹೆಸರು ಗೊತ್ತಾತು.”

“ಹೆಸರು ಯಾರಿಗೆ ಬೇಕಾಗಿತ್ರೀ? ನಾ ಒಂದು ಸಲ ಹಾಡಬೇಕಾಗಿತ್ತು.” ಆಕೆಯ ದನಿ ಏರಲಿಲ್ಲ. “ಭೈರವಿ ಹಾಡಿ ಗುರುಗಳು ನನ್ನ ಪಾಳಿ ತಗೊಂಡ್ರು. ಹೋಗ್ಲಿ, ಗುರುಗಳು. ನೀವು ಹಾಡಿದ್ಲು ಅಂತ ಬರದು ನನ್ನ ಸಲಾನಽ ತಗೊಂಡ್ರಿ.”

ನನಗೆ ನಾಚಿಕೆಯಾಯಿತು. ಹತ್ತು ವರ್ಷದಿಂದ ಈ ಕಾಲಮ್ಮಿನಲ್ಲಿ ಊರಿನ ಎಲ್ಲರ ತಪ್ಪು ಬರೆದಿದ್ದೇನೆ, ನಗೆಯಾಡಿದ್ದೇನೆ. ಒಬ್ಬರೂ ಮನೆಗೆ ಬಂದು ಹೀಗೆ ಬೆರಳಿಟ್ಟು ತೋರಿಸಿರಲಿಲ್ಲ.

ಈಗ ನೋಡಿರಿ. ಅಣ್ಣ ಒಪ್ಪಿದ್ದ. ಸರಕಾರ ಒಪ್ಪಿತ್ತು. ಗುರುಗಳಿಬ್ಬರೂ ಒಪ್ಪಿದ್ದರು. ಹಾಡಬೇಡ ಎಂದು ಯಾರೂ ಅನ್ನಲಿಲ್ಲ. ಆದರೂ ಆಕೆ ಹಾಡಲಿಲ್ಲ, ಹಾಡಲಿಲ್ಲ ಎನ್ನುವುದೂ ಯಾರಿಗೂ ಗೊತ್ತಾಗಲಿಲ್ಲ. ನಾವೆಲ್ಲ ಎಷ್ಟು ಒಳ್ಳೆಯವರು, ಅಲ್ಲವೇ?

ತಿದ್ದುಪಡಿ ಬರೆಯುತ್ತೇನೆ ಎಂದು ಗವಾಯಿಗಳಿಗೆ ಹೇಳಿದೆ. “ಭೈರವಿ ಆತು ಅಂತ ಬರಿ ಬೇಕಾದ್ರ. ಯಾರು ಹಾಡಿದ್ರು ಅಂತ ಯಾಕ ಬೇಕು?” ಅಂದರು. ಯೋಚನೆ ಮಾಡಿ ನೋಡಿದೆ. ಬೇಕು ಅನಿಸಿತು. ಕೊಪ್ಪಳದ ಸಂಗೀತ ಶಾಲೆಗೆ ಬಹುಶಃ ಈ ವಾರದಿಂದ ಹೊಸ ಪೇಟಿ ಮಾಸ್ತರರು ಬೇಕಾಗಬಹುದು. ಆಸಕ್ತರು ವಿಚಾರಿಸಬಹುದು.

ಖಾದರಸಾಬರಿಗೂ ಕಾರ್ಡು ಹಾಕಿದ್ದೆ. ಉತ್ತರ ನಿನ್ನೆ ಬಂತು. ಗಂಗಾವತಿಯಲ್ಲಿ ಒಂದು ಬೈಠಕ್ ಇಡುತ್ತಾರಂತೆ. ದೀಪ ಹಚ್ಚುವ ಹೊತ್ತಿಗೇ ಶುರು, ಬೇಟಿ ಮೊದಲು, ನಮ್ಮ ಭೈರವಿಗಳು ಆಮೇಲೆ ಎಂದು ಬರೆದಿದ್ದಾರೆ. ತಂಬೂರಿಗೆ ಹಸಿರು ಬಟ್ಟೆ ಹೊದಿಸಿ ಇಟ್ಟಿದ್ದಾರಂತೆ. ಇನ್ನು ಬೇಕಾದದ್ದು ಹನುಮಸಾಗರದ ಒಂದು ಹೂಂ.

ಶರಣಪ್ಪನವರೇ, ಇದನ್ನೂ ಯಾರ ಕಡೆಯಿಂದಲಾದರೂ ಎರಡು ಸಲ ಓದಿಸಿ ಕೇಳ್ರಿ: ನೀವು ತಂಗಿಗೆ ಕೊಟ್ಟ ಆ ಒಂದು ಸಲ ಇನ್ನೂ ಆಗಿಲ್ಲ.